ಗಾಡಿ ಪ್ರಶ್ನೋತ್ತರ: ಹಳೇ ಬೈಕ್ ತಗೊಂಡು ರೇಸಿಗೆ ಇಳಿಯೋದು ಹೆಂಗೆ?

ಹೋದ ಸಂಚಿಕೇಲಿ ಟೂ ಸ್ಟ್ರೋಕ್ ಗಾಡಿಗಳ (ಪೆಟ್ರೋಲ್ ಜೊತೆ ಆಯಿಲ್ಲೂ ಉರಿಯೋ ಹಳೇ ಥರದ ಎಂಜಿನ್ನಿನವು) ಬಗ್ಗೆ ನಾಕು ಸಾಲು ಬರ್ದಿದ್ದೆ ಅಷ್ಟೇ, ದಾವಣಗೆರೆ ಚಿತ್ರದುರ್ಗದ ಕಡೆಯಿಂದ ಒಂದೇ ಸಮನೆ ಪತ್ರ. ಎಲ್ರೂ ಕೇಳಿರೋದು ಹೆಚ್ಚುಕಮ್ಮಿ ಒಂದೇ, ಈ ಹಳೇ ಗಾಡೀಲಿ ರೇಸ್ ಆಡೋದು ಹೆಂಗೆ ಅಂತ. ಅದಕ್ಕೆ ಈ ಸಲ ಮೈಲೇಜು, ಸರ್ವೀಸು ಎಲ್ಲಾ ಪಕ್ಕಕ್ಕಿಟ್ಟು ಇದನ್ನೇ ತಗೊಂಡಿದೀನಿ.

ಪ್ರಶ್ನೆ: ಸಾರ್, ನಂದು ದಾವಣಗೆರೆ ಕೆಟಿಜೆ ನಗರ, ವಯಸ್ಸು 24. ನಮ್ಮಜ್ಜನ ಯೆಜ್ಡಿ ರೋಡ್‌ಕಿಂಗ್ ಮನೇಲೇ ನಿಂತೈತೆ. ಫಾರಿನ್ನಲ್ಲಿ ಹಳೇ ಬೈಕ್ ರೇಸಲ್ಲಿ ತಲೆ ಹಣ್ಣಾಗಿರೋರು, ಹುಡುಗ್ರು ಎಲ್ಲಾ ಸೇರಿ ಓಡ್ಸೋ ವಿಡಿಯೋ ನೋಡಿ ನಿದ್ದೆ ಬರ್ತಿಲ್ಲ. ನಮ್ಮಂಥೋರಿಗೆ ಇಲ್ಲಿ ಆಗೋ ಮಾತಾ ಇದು? ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಆಗುತ್ತೆ ತಮ್ಮಾ. ಆದ್ರೆ ವಿಡಿಯೋದಲ್ಲಿ ನೋಡಿದ್ದು ಹಂಗಂಗೇ ಇಲ್ಲಿ ಸಿಗಲ್ಲ, ಸ್ವಲ್ಪ ಸುತ್ತಿ ಬಳಸಿ ಹೋಗ್ಬೇಕು. ಅಮೆರಿಕದಲ್ಲಿ ಎಎಚ್‌ಆರ್‌ಎಂಎ ಅಂತ ಹಳೇ ಬೈಕ್ ರೇಸಿಗೇ ಒಂದು ಸಂಘ ಇದೆ, 1986ರಿಂದ ನಡೀತಿದೆ, ಅಲ್ಲಿ ಗಾಡಿ ಯಾವ ಕಾಲದ್ದು ಎಷ್ಟು ಸಿಸಿ ಅಂತ ನೋಡಿ ಕ್ಲಾಸ್ ಮಾಡ್ತಾರೆ, ಹಂಗಾಗಿ ಸಣ್ಣ ಗಾಡಿಯವನಿಗೆ ಸಣ್ಣ ಗಾಡಿಯವನ ಜೊತೆಗೇ ಪೈಪೋಟಿ, ದುಡ್ಡಿರೋನು ದೊಡ್ಡ ಗಾಡಿ ತಂದು ಎಲ್ರನ್ನೂ ಹಿಂದೆ ಹಾಕೋ ಹಂಗಿಲ್ಲ. 1960ರ ದಶಕದ ಹೋಂಡಾ ಸಿಬಿ160 ಅನ್ನೋ ಪುಟ್ಟ ಗಾಡಿಗೇ ಬೇರೆ ರೇಸ್ ಮಾಡೋರೂ ಅಲ್ಲಿದಾರೆ, ಬಾವುಟ ಬಿದ್ದ ತಕ್ಷಣ ಟ್ರ್ಯಾಕಿನ ಈ ಕಡೆಯಿಂದ ಓಡ್ಹೋಗಿ ಆ ಕಡೆ ನಿಲ್ಸಿರೋ ಗಾಡಿ ಹತ್ತಿ ಹೊರಡ್ಬೇಕು. ನಂಗೆ ಅದರಲ್ಲಿ ಇಷ್ಟವಾಗೋದು ಏನಂದ್ರೆ ಕಮ್ಮಿ ಪವರಿನ ಗಾಡೀಲಿ ಗೆಲ್ಲೋದು ಬ್ರೇಕ್ ಎಲ್ಲಿ ಹಿಡಿದೆ, ತಿರುವಲ್ಲಿ ಎಷ್ಟು ವೇಗ ಉಳಿಸ್ಕೊಂಡೆ ಅನ್ನೋದರ ಮೇಲೆ.

ನಮ್ಮ ಗಾಡಿಗಳಿಗೇನು ರೇಸ್ ಹೊಸದಲ್ಲ. ಮದ್ರಾಸ್ ಹತ್ರ ಶೋಲಾವರಂ ಅಂತ ಯುದ್ಧಕಾಲದ ಏರ್‌ಸ್ಟ್ರಿಪ್ ಇತ್ತು, ಈಗಿನ ಟ್ರ್ಯಾಕುಗಳು ಬರೋಕೆ ಮುಂಚೆ ದಕ್ಷಿಣದ ರೇಸ್ ಅಂದ್ರೆ ಅದೇ, ಜಾವಾ ಯೆಜ್ಡಿ ಎಲ್ಲಾ ಅಲ್ಲಿ ಓಡಿವೆ. ನಿಮ್ಮಜ್ಜನ ರೋಡ್‌ಕಿಂಗು ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯ ಕೂಸು, 1978ರಲ್ಲಿ ಬಂತು, 1996ರಲ್ಲಿ ಫ್ಯಾಕ್ಟರಿ ನಿಲ್ಲೋ ತನಕ ತಯಾರಾಯ್ತು.

ಈಗ ಇರೋ ದಾರಿ ಹೇಳ್ತೀನಿ. ಅಮೆರಿಕದ ಥರ ಹಳೇ ಗಾಡಿಗೇ ಅಂತ ದೊಡ್ಡ ಸರಣಿ ನಮ್ಮಲ್ಲಿಲ್ಲ, ಆದ್ರೆ ನೇರ ದಾರೀಲಿ ಓಡ್ಸೋ ಡ್ರ್ಯಾಗ್ ರೇಸಲ್ಲಿ, ಮಣ್ಣಿನ ಟ್ರ್ಯಾಕಿನ ರೇಸಲ್ಲಿ ಟೂ ಸ್ಟ್ರೋಕಿಗೆ ಬೇರೆ ಕ್ಲಾಸ್ ಇಡ್ತಾರೆ, ನಮ್ಮ ಯಮಹಾ ಆರ್‌ಎಕ್ಸು, ಸುಜುಕಿ ಶೋಗನ್ನು, ಯೆಜ್ಡಿ ಎಲ್ಲಾ ಇವತ್ತಿಗೂ ಜೀವ ಹಿಡ್ಕೊಂಡಿರೋದು ಅಲ್ಲೇ. ಸರ್ಕ್ಯೂಟಲ್ಲಿ ಹಳೇ ಗಾಡಿ ಓಡ್ಸಬೇಕು ಅಂದ್ರೆ ಟ್ರ್ಯಾಕ್ ಡೇ ಇರುತ್ತೆ, ಫೀಸ್ ಕಟ್ಟಿ ಇಳಿಯೋದು, ಆದ್ರೆ ಹಳೇ ಟೂ ಸ್ಟ್ರೋಕ್ ತರಬಹುದಾ ಅಂತ ನಡೆಸೋರನ್ನ ಮೊದ್ಲೇ ಕೇಳ್ಕೋಬೇಕು. ಇನ್ನು ಹಳೇ ಗಾಡಿಯ ಸ್ಟೈಲ್ ಸಾಕು, ಗಾಡಿ ಹಳೇದೇ ಆಗ್ಬೇಕಂತಿಲ್ಲ ಅನ್ನೋರಿಗೆ 2021ರಲ್ಲಿ ಶುರುವಾದ ಕಾಂಟಿನೆಂಟಲ್ ಜಿಟಿ ಕಪ್ ಇದೆ, ಎಲ್ರಿಗೂ ಒಂದೇ ಥರದ 650 ಸಿಸಿ ರಾಯಲ್ ಎನ್‌ಫೀಲ್ಡು.

ಮೊದಲ ಹೆಜ್ಜೆಗೆ ಗಾಡಿ ಮುಟ್ಟಲೇಬೇಡ. ಒಂದು ರೇಸ್ ವೀಕೆಂಡ್ ಹೋಗಿ ನೋಡ್ಕೊಂಡು ಬಾ. ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ, 1990ರಿಂದ ನಡೀತಿರೋದು, ಒಂದು ಸುತ್ತು 3.7 ಕಿಲೋಮೀಟರ್, 12 ತಿರುವು. ನಿಮ್ಮೂರ ಪಕ್ಕ ಹೋಗೋ ಎನ್‌ಎಚ್ 48 ಇದೆಯಲ್ಲ, ಅದನ್ನೇ ಹಿಡ್ಕೊಂಡು ಚಿತ್ರದುರ್ಗ, ಬೆಂಗ್ಳೂರು, ವೆಲ್ಲೂರು ದಾಟಿದ್ರೆ ಸೀದಾ ಅಲ್ಲಿಗೇ ಹೋಗುತ್ತೆ, ರೋಡ್ ಬದಲಾಯ್ಸೋದೇ ಬೇಡ. ಇನ್ನೊಂದು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ಎರಡು ಕಿಲೋಮೀಟರ್ ಚಿಲ್ಲರೆ. ಹೋದ್ರೆ ಗ್ಯಾಲರೀಲಿ ಕೂತು ಬರಬೇಡ, ಪರಿಚಯ ಮಾಡ್ಕೊಂಡು ಯಾವ್ದಾದ್ರೂ ಟೀಮಿಗೆ ಟೈರ್ ಎತ್ತಿಕೊಡಕ್ಕೆ, ಸ್ಪ್ಯಾನರ್ ಹಿಡಿಯಕ್ಕೆ ನಿಂತ್ಕೋ. ವಿಡಿಯೋದಲ್ಲಿ ಕಾಣದೇ ಇರೋದು ಅಲ್ಲಿ ಕಾಣುತ್ತೆ, ಪ್ರಾಕ್ಟೀಸ್ ಮಧ್ಯ ಏನೇನು ಬಿಚ್ತಾರೆ, ಗಾಡಿ ಯಾಕೆ ನಿಲ್ಲುತ್ತೆ, ಖರ್ಚು ಎಲ್ಲಿ ಸೋರುತ್ತೆ ಅಂತ.

ಎರಡ್ನೇದು ಟ್ರೇನಿಂಗು. ನಮ್ಮ ದೇಶದ ಮೋಟರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ ಎಫ್‌ಎಂಎಸ್‌ಸಿಐ, ರೇಸ್ ಲೈಸೆನ್ಸ್ ಕೊಡೋದು ಅವ್ರೇ, ಸರ್ಕ್ಯೂಟ್ ರೇಸಿನ ಲೈಸೆನ್ಸಿಗೆ ಮುಂಚೆ ಅವ್ರು ಒಪ್ಪಿರೋ ಸ್ಕೂಲಲ್ಲಿ ಕಲ್ತಿರ್ಬೇಕು. ಸ್ಕೂಲಲ್ಲಿ ಅವ್ರದ್ದೇ ಗಾಡಿ ಬಾಡಿಗೆಗೆ ಸಿಗೋದೂ ಉಂಟು, ಬಿದ್ರೂ ಅಜ್ಜನ ಯೆಜ್ಡಿಗೆ ಪೆಟ್ಟಾಗಲ್ಲ. ನಂದು ಒಂದೇ ಹಟ ಇದ್ರಲ್ಲಿ: ಮೊದಲ ದುಡ್ಡು ಮೈಮೇಲೆ ಹಾಕೋ ಸಾಮಾನಿಗೆ ಮತ್ತೆ ಟ್ರೇನಿಂಗಿಗೆ, ಆಮೇಲೆ ಬ್ರೇಕು ಟೈರಿಗೆ, ಎಂಜಿನ್ನಿಗೆ ಎಲ್ಲಾ ಮುಗಿದ ಮೇಲೆ ಉಳಿದಿದ್ದು. ನಮ್ಮ ಹುಡುಗ್ರು ಇದನ್ನ ತಲೆಕೆಳಗು ಮಾಡ್ತಾರೆ, ಮೊದ್ಲು ಪವರ್ ಏರ್ಸೋಕೆ ಪೋರ್ಟಿಂಗ್ (ಸಿಲಿಂಡರಿನ ತೂತು ಕೊರೆಯೋದು) ಮಾಡ್ಸಿ, ಎಕ್ಸ್‌ಪಾನ್ಶನ್ ಸೈಲೆನ್ಸರ್ ಹಾಕ್ಸಿ, ಹೆಲ್ಮೆಟ್ ಮಾತ್ರ ರೋಡ್ ಸೈಡಲ್ಲಿ ತಗೋತಾರೆ. ಬೇಡ. ಗದ್ದದ ಪಟ್ಟಿಗೆ ಎರಡು ಉಂಗುರ (ಡಬಲ್ ಡಿ ರಿಂಗ್) ಇರೋ ಒಳ್ಳೇ ಫುಲ್ ಫೇಸ್ ಹೆಲ್ಮೆಟ್, ಒಂದೇ ಪೀಸಿನ ಲೆದರ್ ಸೂಟು, ಬೆನ್ನಿಗೆ ಪ್ರೊಟೆಕ್ಟರು, ಮಣಿಕಟ್ಟು ಮುಚ್ಚೋ ಗ್ಲೌಸು, ಪಾದದ ಗಂಟು ದಾಟಿ ಮೇಲೆ ಬರೋ ಬೂಟು, ಇಷ್ಟಕ್ಕೆ ಗಾಡಿಗಿಂತ ಜಾಸ್ತಿ ಆದ್ರೂ ಆಗ್ಲಿ.

ಪ್ರಶ್ನೆ: ಅಣ್ಣಾ, ಆರ್‌ಎಕ್ಸ್ 100 ತಗೊಳ್ಳೋದಾ, ಯೆಜ್ಡಿನಾ, ಇಲ್ಲ ಕೈ ಕಚ್ಚಿದ್ರೂ ಪರ್ವಾಗಿಲ್ಲ ಅಂತ ಆರ್‌ಡಿ 350 ಹುಡುಕಲಾ? (ಹರಿಹರದ ಓದುಗ)

ಉತ್ತರ: ರೇಸಿಗೆ ಅಂದ್ರೆ ಕಣ್ಮುಚ್ಕೊಂಡು ಆರ್‌ಎಕ್ಸ್. 1985ರಿಂದ 1996ರ ತನಕ ಬಂದ ಗಾಡಿ, 98 ಸಿಸಿ, 11 ಎಚ್‌ಪಿ, ತೂಕ ನೂರು ಕೆಜಿ ಆಸುಪಾಸು. ಅಷ್ಟು ಹಗುರ ಇರೋದಕ್ಕೇ ಅದರ ಡ್ರಮ್ ಬ್ರೇಕು ಸಾಲುತ್ತೆ, ಬಿದ್ರೆ ಒಬ್ನೇ ಎತ್ತಬಹುದು, ಪಿಸ್ಟನ್ನು ರಿಂಗು ಕ್ಲಚ್ ಪ್ಲೇಟು ದಾವಣಗೆರೇಲೇ ಸಿಗುತ್ತೆ. ರಾಜದೂತ್ ಆರ್‌ಡಿ 350 ಅಂದ್ರೆ ನಂಗೂ ಪ್ರಾಣ, 347 ಸಿಸಿ, ಎರಡು ಸಿಲಿಂಡರು, ಆರು ಗೇರು, ಹೈ ಟಾರ್ಕ್ ಮಾಡೆಲ್ಲಲ್ಲಿ 30 ಎಚ್‌ಪಿ ಮೇಲೆ, 1983ರಲ್ಲಿ ಈ ದೇಶದಲ್ಲಿ ಅಂಥ ಗಾಡಿ ಇನ್ನೊಂದಿರಲಿಲ್ಲ. ಆದ್ರೆ ನಮ್ಮ ಆರ್‌ಡಿಗೆ ಮುಂದೆನೂ ಡ್ರಮ್ ಬ್ರೇಕೇ ಕೊಟ್ಟಿದ್ರು, ಆ ವೇಗ ನಿಲ್ಸೋದು ಹೊಸಬರ ಕೈಲಿ ಆಗೋ ಕೆಲಸ ಅಲ್ಲ, ಪಾರ್ಟ್ಸ್ ಬೆಲೆ ಕೇಳಿದ್ರೆ ರೇಸ್ ಆಸೆನೇ ಬಿಟ್ಟೋಗುತ್ತೆ. ಯೆಜ್ಡಿ ಗಟ್ಟಿ ಗಾಡಿ, ಕೆಳಗಿಂದ ಎಳೆಯೋ ಶಕ್ತಿ ಚೆನ್ನಾಗಿದೆ, ಮಣ್ಣಿನ ಟ್ರ್ಯಾಕಿಗೆ ಸರಿ, ಭಾರ ಜಾಸ್ತಿ ಅಷ್ಟೇ.

ಇನ್ನೊಂದು ಮಾತು, ಇದನ್ನ ಕೈ ಮುಗಿದು ಹೇಳ್ತೀನಿ. ಪೇಂಟು, ಬ್ಯಾಡ್ಜು, ಟೂಲ್ ಬಾಕ್ಸು ಎಲ್ಲಾ ಒರಿಜಿನಲ್ ಇರೋ ಪೂರ್ತಿ ಗಾಡಿ ಸಿಕ್ರೆ ಅದನ್ನ ರೇಸಿಗೆ ಅಂತ ಕೊಯ್ಯಬೇಡ್ರಿ. ಅಂಥವು ದಿನೇ ದಿನೇ ಕಮ್ಮಿ ಆಗ್ತಿವೆ, 50 ವರ್ಷ ದಾಟಿದ ಗಾಡಿಗಳಿಗೆ ಸರ್ಕಾರನೇ 2021ರಲ್ಲಿ ವಿಂಟೇಜ್ ನೋಂದಣಿ ಅಂತ ಬೇರೆ ನಿಯಮ ತಂದಿದೆ, ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಟ್ಯಾಂಕು ಇಲ್ಲದ್ದು, ಸೀಟು ಹರಿದಿದ್ದು, ಲೈಟು ಹೋಗಿರೋದು, ಅಂಥದ್ದನ್ನ ಹುಡುಕಿ, ಅದರ ಫ್ರೇಮು ಎಂಜಿನ್ನು ಸರಿ ಇದ್ರೆ ಸಾಕು, ರೇಸಿಗೆ ಆ ಲೈಟು ಇಂಡಿಕೇಟರ್ ಹೆಂಗಿದ್ರೂ ಬಿಚ್ಚಬೇಕು. ಆದ್ರೆ ಆರ್‌ಸಿ ಕಾರ್ಡಲ್ಲಿರೋ ಎಂಜಿನ್ ನಂಬರು, ಚಾಸಿ ನಂಬರು ಗಾಡಿ ಮೇಲಿರೋದಕ್ಕೆ ತಾಳೆ ನೋಡದೆ ಒಂದು ರೂಪಾಯಿನೂ ಅಡ್ವಾನ್ಸ್ ಕೊಡಬೇಡ್ರಿ, ಆರ್‌ಎಕ್ಸ್ ಗಾಡಿಗಳು ಕಳ್ಳತನ ಆಗೋದು ಜಾಸ್ತಿ. ಪಾರ್ಟ್ಸ್ ಬಗ್ಗೆ ಗೊತ್ತಿರೋರು ಒಟ್ಟಿಗೆ ಸಿಗಬೇಕು ಅಂದ್ರೆ ಜುಲೈ ಎರಡನೇ ಭಾನುವಾರ ಬೆಂಗ್ಳೂರಲ್ಲಿ ಜಾವಾ ಯೆಜ್ಡಿ ದಿನ ಮಾಡ್ತಾರೆ, ಅಲ್ಲಿಗೆ ಹೋಗ್ರಿ.

ಪ್ರಶ್ನೆ: ಚಿತ್ರದುರ್ಗದಿಂದ ಬರೀತಿದೀನಿ ಸಾರ್. ಆರ್‌ಎಕ್ಸ್ ಇಲ್ಲಿ ಸಖತ್ತಾಗಿ ಓಡ್ತಿತ್ತು, ಹೊಸ ಪಿಸ್ಟನ್ನು, ಹೊಸ ಬೋರು. ಚೆನ್ನೈ ಟ್ರ್ಯಾಕಿಗೆ ತಗೊಂಡು ಹೋದೆ, ಬೆಳಿಗ್ಗೆ ಮೊದಲ ಸೆಶನ್ನಲ್ಲೇ ಉದ್ದ ಸ್ಟ್ರೇಟಲ್ಲಿ ಎಂಜಿನ್ ಹಿಡ್ಕೊಂಬಿಡ್ತು. ಆಯಿಲ್ ಸರಿಯಾಗೇ ಹಾಕಿದ್ದೆ. ಕಾರಣ ಏನು?

ಉತ್ತರ: ಇದು ಬಹಳ ಒಳ್ಳೇ ಪ್ರಶ್ನೆ, ನಮ್ಮ ಕಡೆಯಿಂದ ಹೋಗೋ ಪ್ರತಿಯೊಬ್ರೂ ಇದನ್ನ ತಿಳ್ಕೊಂಡೇ ಹೋಗ್ಬೇಕು.

ಚಿತ್ರದುರ್ಗ ಸಮುದ್ರಮಟ್ಟದಿಂದ 700 ಮೀಟರಿಗಿಂತ ಮೇಲಿದೆ, ದಾವಣಗೆರೆ 600ರ ಆಸುಪಾಸು. ಚೆನ್ನೈ ಕಡೆ ಹೋದ್ರೆ ನೀವು ಹೆಚ್ಚುಕಮ್ಮಿ ಸಮುದ್ರಮಟ್ಟಕ್ಕೇ ಇಳಿದಿರ್ತೀರ. ಮೇಲಿನ ಗಾಳಿ ತೆಳು, ಕೆಳಗಿನ ಗಾಳಿ ದಪ್ಪ. ಕಾರ್ಬ್ರೇಟರ್ ಜೆಟ್ಟು, ಅಂದ್ರೆ ಪೆಟ್ರೋಲ್ ಬರೋ ಸಣ್ಣ ತೂತು, ದುರ್ಗದ ತೆಳು ಗಾಳಿಗೆ ಸರಿಯಾಗಿ ಸೆಟ್ ಆಗಿತ್ತು, ಚೆನ್ನೈಯಲ್ಲಿ ಅದೇ ತೂತಲ್ಲಿ ಹೆಚ್ಚುಕಮ್ಮಿ ಅಷ್ಟೇ ಪೆಟ್ರೋಲ್ ಬರುತ್ತೆ ಆದ್ರೆ ಗಾಳಿ ಜಾಸ್ತಿ ಒಳಗೆ ಹೋಗುತ್ತೆ, ಅಂದ್ರೆ ಮಿಕ್ಸ್ಚರ್ ಲೀನ್ ಆಯ್ತು, ಲೀನ್ ಆದ್ರೆ ಬಿಸಿ ಏರುತ್ತೆ, ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಬ್ಲಾಕಿಗೆ ಕಚ್ಕೊಳ್ಳುತ್ತೆ. ಬೆಳಿಗ್ಗೆ ತಂಪು ಹೊತ್ತಲ್ಲಿ ಗಾಳಿ ಇನ್ನೂ ದಪ್ಪ, ಅದಕ್ಕೇ ಮೊದಲ ಸೆಶನ್ನಲ್ಲೇ ಹೋಯ್ತು. ಜೊತೆಗೆ ಊರ ರೋಡಲ್ಲಿ ಫುಲ್ ಥ್ರಾಟಲ್ ಯಾರು ಅಷ್ಟೊತ್ತು ಹಿಡೀತಾರೆ ಹೇಳಿ, ಹಂಪು, ಎಮ್ಮೆ, ಬಸ್ಸು ಅಂತ ಬಿಡ್ತಾನೇ ಇರ್ತೀರ, ಸ್ಟ್ರೇಟಲ್ಲಿ ಪೂರ್ತಿ ತಿರುಗಿಸಿ ಹಿಡಿದಾಗ ಮೇನ್ ಜೆಟ್ ಒಂದರ ಮೇಲೇ ಎಂಜಿನ್ ಬದುಕಬೇಕು.

ಇನ್ನೊಂದು ಪೆಟ್ಟು ಪೆಟ್ರೋಲಿಂದು. ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್. ಎಥನಾಲ್ ಒಳಗೇ ಆಮ್ಲಜನಕ ಇರೋದ್ರಿಂದ ಅದೇ ಜೆಟ್ಟಲ್ಲಿ ಮಿಕ್ಸ್ಚರ್ ಇನ್ನಷ್ಟು ಲೀನ್ ಆಗುತ್ತೆ. 80ರ ದಶಕದಲ್ಲಿ ಈ ಗಾಡಿ ಮಾಡ್ದೋರಿಗೆ ಇಂಥ ಪೆಟ್ರೋಲ್ ಬರುತ್ತೆ ಅಂತ ಕನಸಲ್ಲೂ ಇರ್ಲಿಲ್ಲ. ಹಳೇ ರಬ್ಬರ್ ಸಾಮಾನು, ಪೆಟ್ರೋಲ್ ಕಾಕ್ ವಾಷರು, ಪೈಪು, ಕ್ರ್ಯಾಂಕಿನ ಆಯಿಲ್ ಸೀಲು ಎಲ್ಲಾ ಇದಕ್ಕೆ ಊದಿ ಮೆತ್ತಗಾಗೋ ಸಾಧ್ಯತೆ ಇದೆ, ಸೀಲ್ ಹೋದ್ರೆ ಅಲ್ಲಿಂದನೂ ಗಾಳಿ ಎಳ್ಕೊಳ್ಳುತ್ತೆ, ಮತ್ತೆ ಲೀನೇ. ಎಥನಾಲ್ ನೀರನ್ನೂ ಹೀರುತ್ತೆ, ಹಂಗಾಗಿ ರೇಸ್ ಮುಗಿಸಿ ಬಂದ ಮೇಲೆ ಟ್ಯಾಂಕು ಕಾರ್ಬ್ರೇಟರ್ ಎರಡೂ ಖಾಲಿ ಮಾಡಿ ಇಡಿ.

ಮಾಡಬೇಕಾದ್ದು ಇಷ್ಟು. ಮೇನ್ ಜೆಟ್ ಬೇರೆ ಬೇರೆ ಸೈಜಿಂದು ಜೊತೇಲಿ ಒಯ್ಯಿರಿ, ಊರಲ್ಲಿ ಹಾಕಿದ್ದಕ್ಕಿಂತ ಎರಡು ಮೂರು ಮೆಟ್ಲು ದೊಡ್ಡದು ಹಾಕ್ಕೊಂಡು ಶುರು ಮಾಡಿ, ಗಾಡಿ ಸ್ವಲ್ಪ ಮಂಕಾಗಿ ಓಡ್ಲಿ, ಪರ್ವಾಗಿಲ್ಲ, ಮಂಕಾಗಿ ಓಡೋ ಎಂಜಿನ್ ಸಾಯಲ್ಲ. ಆಮೇಲೆ ಒಂದೊಂದೇ ಮೆಟ್ಲು ಇಳಿಸ್ರಿ, ಪ್ರತಿ ಸಲ ಪ್ಲಗ್ ನೋಡಿ. ಪ್ಲಗ್ ನೋಡೋಕೂ ಒಂದು ಕ್ರಮ ಇದೆ: ಹೊಸ ಪ್ಲಗ್ ಹಾಕಿ, ಸ್ಟ್ರೇಟಿನ ಕೊನೇಲಿ ಫುಲ್ ಥ್ರಾಟಲ್ ಇರುವಾಗ್ಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಹಿಂದೆ ಯಾರಿಲ್ಲ ಅಂತ ನೋಡ್ಕೊಂಡು ಕೈ ಎತ್ತಿ ಪಕ್ಕಕ್ಕೆ ಸರಿದು, ಹಂಗೇ ಉರುಳ್ಕೊಂಡು ಪಿಟ್ಟಿಗೆ ಬನ್ನಿ. ನಿಧಾನಕ್ಕೆ ಓಡ್ಸ್ಕೊಂಡು ಬಂದು ಬಿಚ್ಚಿದ್ರೆ ಪ್ಲಗ್ ಸುಳ್ಳು ಹೇಳುತ್ತೆ. ಬಿಳಿ ಇದ್ರೆ ಲೀನು, ತಕ್ಷಣ ಜೆಟ್ ಏರಿಸಿ, ಕಂದು ಇದ್ರೆ ಸರಿ, ಕಪ್ಪಗೆ ಜಿಡ್ಡಾಗಿದ್ರೆ ರಿಚ್ಚು, ಅಂದ್ರೆ ಪೆಟ್ರೋಲ್ ಜಾಸ್ತಿ. ಈಗಿನ ಪೆಟ್ರೋಲಲ್ಲಿ ಬಣ್ಣ ಬೇಗ ಹತ್ತಲ್ಲ, ಪಿಂಗಾಣಿಯ ಬುಡದಲ್ಲಿ ಒಳಗಡೆ ಇರೋ ಉಂಗುರ ನೋಡ್ಬೇಕು, ಟಾರ್ಚ್ ಬೇಕಾಗುತ್ತೆ.

ಆಯಿಲ್ ಸರಿ ಹಾಕಿದ್ದೆ ಅಂದ್ರಲ್ಲ, ಅದೂ ನೋಡೋಣ. ಆಯಿಲ್ ಪಂಪ್ ತೆಗೆದು ಟ್ಯಾಂಕಿಗೇ ಮಿಕ್ಸ್ ಮಾಡೋರು ಲೀಟರಿಗೆ 40 ಎಂಎಲ್ ಅಂತ ಹಾಕ್ತಾರೆ, ಅದು ಸರಿ. ಆದ್ರೆ ಭಯಕ್ಕೆ ಇನ್ನೊಂದಿಷ್ಟು ಆಯಿಲ್ ಸುರಿದ್ರೆ ಜೆಟ್ಟಿನ ತೂತಲ್ಲಿ ಅಷ್ಟು ಜಾಗ ಆಯಿಲ್ಲೇ ತಗೊಳ್ಳುತ್ತೆ, ಪೆಟ್ರೋಲ್ ಕಮ್ಮಿ ಬರುತ್ತೆ, ಮತ್ತೂ ಲೀನ್ ಆಗುತ್ತೆ. ಇದನ್ನ ಎಷ್ಟೋ ಮೇಸ್ತ್ರಿಗಳೂ ಯೋಚ್ನೆ ಮಾಡಿರಲ್ಲ. ಇನ್ನು ಹಂಗೆ ಮಿಕ್ಸ್ ಮಾಡಿದ ಗಾಡೀಲಿ ಆಯಿಲ್ ಬರೋದು ಪೆಟ್ರೋಲ್ ಜೊತೆಗೇ, ಜೋರಾಗಿ ತಿರುಗ್ತಿರೋ ಎಂಜಿನ್ನಿಗೆ ಥ್ರಾಟಲ್ ಪೂರ್ತಿ ಮುಚ್ಚಿದ್ರೆ ಆಯಿಲ್ಲೂ ಹೆಚ್ಚುಕಮ್ಮಿ ನಿಂತು ಹೋಗುತ್ತೆ. ಅದಕ್ಕೆ ಸ್ಟ್ರೇಟ್ ಕೊನೇಲಿ ಎಡಗೈಯ ಎರಡು ಬೆರಳು ಯಾವಾಗ್ಲೂ ಕ್ಲಚ್ ಮೇಲಿರ್ಲಿ. ಹಿಡ್ಕೊಳ್ಳೋಕೆ ಮುಂಚೆ ಎಂಜಿನ್ ಹೇಳೇ ಹೇಳುತ್ತೆ, ಶಬ್ದ ಒಣಗಿದಂಗಾಗುತ್ತೆ, ಎಳೆತ ಸಡನ್ನಾಗಿ ಕಮ್ಮಿ ಆಗುತ್ತೆ, ಆ ಕ್ಷಣಕ್ಕೇ ಕ್ಲಚ್ ಹಿಡಿದ್ರೆ ಹಿಂದಿನ ಚಕ್ರ ಲಾಕ್ ಆಗಲ್ಲ, ನೀವು ಬೀಳಲ್ಲ. ಪಿಸ್ಟನ್ ಹೋದ್ರೆ ಹೋಗ್ಲಿ ಬಿಡಿ, ಕಾಲರ್ ಬೋನ್ ಉಳೀತು.

ಪ್ರಶ್ನೆ: ನಾನು ದಾವಣಗೆರೇಲಿ ಗ್ಯಾರೇಜ್ ಇಟ್ಟಿದೀನಿ. ರೇಸ್ ಗಾಡಿ ಮಾಡ್ಕೊಡಿ ಅಂತ ಹುಡುಗ್ರು ಬರ್ತಾರೆ. ಟ್ರ್ಯಾಕಲ್ಲಿ ಚೆಕಿಂಗ್ ಮಾಡ್ತಾರಂತೆ, ಏನೇನು ನೋಡ್ತಾರೆ?

ಉತ್ತರ: ಸ್ಕ್ರೂಟಿನಿ ಅಂತಾರೆ ಮೇಸ್ತ್ರಿ, ಅದರಲ್ಲಿ ಪಾಸಾಗದಿದ್ರೆ ಗಾಡಿ ಟ್ರ್ಯಾಕಿಗೆ ಬಿಡಲ್ಲ. ಪ್ರತಿ ರೇಸಿಗೂ ನಿಯಮದ ಪುಸ್ತಕ ಕೊಡ್ತಾರೆ, ಅದನ್ನ ಓದ್ಲೇಬೇಕು, ಆದ್ರೆ ಎಲ್ಲಾ ಕಡೆ ನೋಡೋದು ಇವು: ಕನ್ನಡಿ, ಇಂಡಿಕೇಟರ್, ಎರಡೂ ಸ್ಟ್ಯಾಂಡು ಬಿಚ್ಚಿರಬೇಕು, ಗಾಜು ಏನಾದ್ರೂ ಉಳಿದಿದ್ರೆ ಟೇಪ್ ಸುತ್ತಿರಬೇಕು. ಗೇರ್ ಆಯಿಲ್ಲಿನ ಡ್ರೈನ್ ಬೋಲ್ಟು, ಫಿಲ್ಲರ್ ಕ್ಯಾಪು ತೂತು ಹೊಡೆದು ಸ್ಟೀಲ್ ತಂತಿಯಿಂದ ಬಿಗಿದಿರಬೇಕು, ಬೋಲ್ಟ್ ಸಡಿಲ ಆದ್ರೂ ಬಿಚ್ಕೋಬಾರದು, ಒಂದು ಗಾಡಿಯ ಆಯಿಲ್ ಟ್ರ್ಯಾಕಿಗೆ ಚೆಲ್ಲಿದ್ರೆ ಹಿಂದೆ ಬರೋರೆಲ್ಲಾ ಬೀಳ್ತಾರೆ. ಬ್ರೀದರ್ ಪೈಪು ಬಾಟ್ಲಿಗೆ ಹೋಗ್ಬೇಕು. ಥ್ರಾಟಲ್ ಬಿಟ್ರೆ ಟಪ್ ಅಂತ ತಾನೇ ಮುಚ್ಕೋಬೇಕು, ಹ್ಯಾಂಡಲ್ ಎಷ್ಟು ತಿರುಗಿಸಿದ್ರೂ ಕೇಬಲ್ ಎಳೀಬಾರದು. ಲಿವರಿನ ತುದಿ ಗುಂಡಗಿರಬೇಕು, ಕಿಲ್ ಸ್ವಿಚ್ ಕೆಲಸ ಮಾಡ್ಬೇಕು.

ಅವ್ರು ನೋಡದೇ ಇದ್ರೂ ನೀವು ನೋಡಬೇಕಾದ್ದು ಬ್ರೇಕು. ಹಳೇ ಲೈನರ್ ಗಾಜಿನಂಗೆ ಹೊಳೀತಿದ್ರೆ ಹೊಸ ಲೈನರ್ ಹಾಕಿ, ಡ್ರಮ್ಮಿನ ಸುತ್ತಿಗೆ ಪೂರ್ತಿ ಕೂರೋ ಹಂಗೆ ಶೂ ಉಜ್ಜಿ, ಬರೀ ತುದಿ ಮುಟ್ಟಿದ್ರೆ ಬ್ರೇಕ್ ಹಿಡಿಯಲ್ಲ. ಸ್ಪೋಕ್ಸ್ ಬಿಗಿ ನೋಡಿ. ಟೈರಿನ ಪಕ್ಕ ನಾಕಂಕಿ ಇರುತ್ತೆ, 2319 ಅಂದ್ರೆ 2019ನೇ ಇಸವಿಯ 23ನೇ ವಾರ, ಗುಂಡಿ ಎಷ್ಟೇ ಆಳ ಇದ್ರೂ ಹಳೇ ರಬ್ಬರ್ ಕಲ್ಲಾಗಿರುತ್ತೆ, ಹಾಕಬೇಡಿ. ಕೊಯಮತ್ತೂರು ಟ್ರ್ಯಾಕಿಗೆ ಹಿಂದಿನ ಸ್ಪ್ರಾಕೆಟ್ ಒಂದೆರಡು ಹಲ್ಲು ದೊಡ್ಡದು ಬೇಕು, ಚೆನ್ನೈಗೆ ಸಣ್ಣದು, ಎರಡೂ ಇಟ್ಕೊಂಡಿರಿ. ಬೋರ್ ಕೆಲಸಕ್ಕೆ ದೂರ ಹೋಗೋ ಅಗತ್ಯ ನಂಗೆ ಕಾಣಲ್ಲ, ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಾಗ್ತಿದ್ದ ಹರಿಹರ ನಿಮ್ಮ ಪಕ್ಕದಲ್ಲೇ ಇದೆ, ಮೈಕ್ರೋಮೀಟರ್ ಹಿಡಿದು ಅಳೆದು ಮಾಡೋ ಹಿರಿಯ ಟರ್ನರ್ ಒಬ್ಬರನ್ನ ಹುಡುಕ್ಕೊಳ್ಳಿ, ಅವ್ರ ಹತ್ರ ಒಬ್ಬ ಹುಡುಗನ್ನ ಕಲಿಯೋಕೂ ಬಿಡಿ, ಆ ಕೈಗಳು ಮುಂದೆ ಸಿಗಲ್ಲ.

ಪ್ರಶ್ನೆ: ನನ್ನ ಮಗ ರಾತ್ರಿ ಹನ್ನೊಂದಾದ್ಮೇಲೆ ಬೈಪಾಸ್ ಕಡೆ ಪ್ರಾಕ್ಟೀಸ್ ಅಂತ ಹೋಗ್ತಾನೆ. ಹೇಳಿದ್ರೆ ಕೇಳಲ್ಲ. ನೀವೇ ಏನಾದ್ರೂ ಹೇಳಿ. (ದಾವಣಗೆರೆಯ ಒಬ್ಬ ತಾಯಿ)

ಉತ್ತರ: ಅಮ್ಮಾ, ಇದನ್ನ ನಿಮ್ಮ ಮಗನಿಗೇ ಬರೀತೀನಿ, ಓದಕ್ಕೆ ಕೊಡಿ.

ತಮ್ಮಾ, ಹೈವೇಲಿ ಮಾಡೋದು ಪ್ರಾಕ್ಟೀಸ್ ಅಲ್ಲ. ಅಲ್ಲಿ ನೀನು ಕಲಿಯೋದು ನೇರ ಹೋಗೋದೊಂದೇ, ಅದಕ್ಕೆ ಪ್ರಾಕ್ಟೀಸ್ ಬೇಕಾಗಿಲ್ಲ. ಲೈಟ್ ಇಲ್ದೆ ನಿಂತಿರೋ ಲಾರಿ, ಎದುರಿಗೇ ಬರೋ ಕಬ್ಬಿನ ಟ್ರ್ಯಾಕ್ಟರ್ ನಿನ್ನ ಡ್ರಮ್ ಬ್ರೇಕಿಗೆ ಕಾಯಲ್ಲ. ಟ್ರ್ಯಾಕಲ್ಲಿ ಬಿದ್ರೆ ಹಿಂದೆ ಬರೋರಿಗೆ ಆ ಜಾಗಕ್ಕೆ ಮುಂಚೆನೇ ಹಳದಿ ಬಾವುಟ ಬೀಸ್ತಾರೆ, ಯಾರೂ ಓವರ್‌ಟೇಕ್ ಮಾಡಲ್ಲ, ಆಂಬುಲೆನ್ಸ್ ಒಳಗೇ ನಿಂತಿರುತ್ತೆ. ಬೈಪಾಸಲ್ಲಿ ಬಿದ್ರೆ ಹಿಂದೆ ಬರ್ತಿರೋದು ಯಾರು ಅಂತ ನಿಂಗೆ ಗೊತ್ತಿಲ್ಲ. ಪಬ್ಲಿಕ್ ರೋಡಲ್ಲಿ ರೇಸ್ ಮಾಡಿದ್ರೆ ಮೋಟಾರು ವಾಹನ ಕಾಯ್ದೆ 189ನೇ ಸೆಕ್ಷನ್ನು, ಮೊದಲ ಸಲಕ್ಕೇ ಮೂರು ತಿಂಗಳ ತನಕ ಜೈಲು ಇಲ್ಲಾ 5,000 ರೂಪಾಯಿ ತನಕ ದಂಡ ಇಲ್ಲಾ ಎರಡೂ, ಎರಡ್ನೇ ಸಲಕ್ಕೆ ವರ್ಷದ ತನಕ. ಇನ್ಶೂರೆನ್ಸ್ ಪಾಲಿಸೀಲಿ ರೇಸಿಂಗು, ಸ್ಪೀಡ್ ಟೆಸ್ಟಿಂಗು ಹೊರಗಿಟ್ಟಿರ್ತಾರೆ, ಇನ್ನೊಬ್ಬರಿಗೆ ಏನಾದ್ರೂ ಆದ್ರೆ ಆ ಹೊರೆ ನಿಮ್ಮಮ್ಮನ ತಲೆಗೇ ಬರಬಹುದು. ನಿಂಗೆ ಆಸೆ ಇರೋದು ಒಳ್ಳೇದೇ, ಆ ರಾತ್ರಿ ಪೆಟ್ರೋಲಿನ ದುಡ್ಡು ಕೂಡಿಟ್ಟು ಒಂದು ಟ್ರೇನಿಂಗ್ ಸ್ಕೂಲಿಗೆ ಸೇರ್ಕೋ.

ಅಮ್ಮಾ, ಅವ್ನು ಹೋಗ್ತೀನಿ ಅಂದ್ರೆ ಬೇಡ ಅನ್ಬೇಡಿ. ಆಗೋದಾದ್ರೆ ಒಂದ್ಸಲ ನೀವೂ ಜೊತೇಲಿ ಹೋಗಿ ನೋಡಿ.

ಪ್ರಶ್ನೆ: ವಯಸ್ಸು 47, ಚಳ್ಳಕೆರೆ. ಲೇಟಾಯ್ತಾ? ನನ್ನ ಮಗಳಿಗೂ ಆಸೆ ಇದೆ.

ಉತ್ತರ: ಲೇಟಾಗಿಲ್ಲ. ಬಿಪಿ, ಕಣ್ಣು ತೋರಿಸ್ಕೊಳ್ಳಿ, ಡಾಕ್ಟರ್ ಫಿಟ್ ಅಂದ್ರೆ ಇಳೀರಿ, ಹಳೇ ಗಾಡಿಗೆ ನಿಮ್ಮ ವಯಸ್ಸಿನ ತಾಳ್ಮೆನೇ ಬೇಕು. ಮಗಳಿಗೆ ಖಂಡಿತ ಹೇಳಿ, ಎಲ್ರಿಗೂ ಒಂದೇ ಕಂಪನಿ ಗಾಡಿ ಕೊಡೋ ಟಿವಿಎಸ್ ಒನ್ ಮೇಕ್ ಸರಣೀಲಿ ಹೆಣ್ಮಕ್ಕಳಿಗೆ ಅಂತಲೇ ರೇಸ್ ನಡೆದಿವೆ. ಇಬ್ರೂ ಒಟ್ಟಿಗೇ ಸ್ಕೂಲಿಗೆ ಸೇರಿದ್ರೆ ಇನ್ನೂ ಚೆಂದ.

ಪ್ರಶ್ನೆ: ಗಾಡಿನ ದಾವಣಗೆರೆಯಿಂದ ಚೆನ್ನೈಗೆ ಸಾಗಿಸೋದು ಹೆಂಗೆ? ಓಡ್ಸ್ಕೊಂಡೇ ಹೋಗ್ಬಿಡ್ಲಾ?

ಉತ್ತರ: ಲೈಟು ಕನ್ನಡಿ ಬಿಚ್ಚಿದ ರೇಸ್ ಗಾಡಿ ರೋಡಿಗೆ ಇಳಿಸೋ ಹಂಗೇ ಇಲ್ಲ. ನಾಕು ಜನ ಸೇರಿ ಒಂದು ಪಿಕಪ್ ಮಾಡ್ಕೊಳ್ಳಿ, ತಲೆಗೆ ಬರೋ ಖರ್ಚು ಕಮ್ಮಿ ಆಗುತ್ತೆ, ಒಬ್ಬರ ಜೆಟ್ಟು ಇನ್ನೊಬ್ಬರಿಗೆ ಆಗುತ್ತೆ. ಮುಂದಿನ ಶಾಕ್ ಅರ್ಧ ಒತ್ತಿರೋ ಹಂಗೆ ಹ್ಯಾಂಡಲ್ಲಿನ ಎರಡೂ ಕಡೆಯಿಂದ ಬೆಲ್ಟ್ ಎಳೆದು ಕಟ್ಟಿ, ಪೂರ್ತಿ ಒತ್ತಿದ್ರೆ ಸೀಲ್ ಹೋಗುತ್ತೆ. ಒಬ್ರೇ ಇದ್ರೆ ಟ್ರೇನ್ ಪಾರ್ಸೆಲ್ ಇದೆ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಚೆನ್ನಾಗಿ ಪ್ಯಾಕ್ ಮಾಡ್ಸಿ, ಆರ್‌ಸಿ ಜೆರಾಕ್ಸು ಮತ್ತೆ ನಿಮ್ಮ ಐಡಿ ತಗೊಂಡು ಪಾರ್ಸೆಲ್ ಆಫೀಸಿಗೆ ಹೋಗಿ, ರೇಸಿಗೆ ಎರಡು ಮೂರು ದಿನ ಮುಂಚೆನೇ ಬುಕ್ ಮಾಡಿ, ಗಾಡಿ ತಡವಾಗಿ ಬೇರೆ ಟ್ರೇನಿಗೆ ಬರೋದೂ ಉಂಟು. ಪಿಕಪ್ಪಲ್ಲಿ ಒಯ್ಯೋರೂ ಒರಿಜಿನಲ್ ಆರ್‌ಸಿ ಮತ್ತೆ ರೇಸ್ ಎಂಟ್ರಿ ಕಾಗದ ಡ್ರೈವರ್ ಹತ್ರನೇ ಇಟ್ಟಿರಿ, ನಂಬರ್ ಪ್ಲೇಟ್ ಇಲ್ಲದ ಗಾಡಿ ಕಂಡ್ರೆ ಚೆಕ್‌ಪೋಸ್ಟಲ್ಲಿ ಕೇಳೇ ಕೇಳ್ತಾರೆ.